ಬಶಿ ಇಲ್ಲದ ಚಹಾ

ನಮ್ಮವರು ಆ ಚಹಾ ಯಂತ್ರ ತರಿಸಿದ ದಿನವೇ ನನಗೆ ವಾಕರಿಕೆ ಬಂದಿತ್ತು. ಬ್ಯಾಂಕಿನಲ್ಲಿ ತಮ್ಮ ಜೊತೆ ಕೆಲಸ ಮಾಡುವವರೊಬ್ಬರ ಮನೆಯಲ್ಲಿ ಅದರ ಚಹಾ ಕುಡಿದು ಬಂದು, ಹುಚ್ಚು ಹಿಡಿದವರಂತೆ ಆನ್‌ಲೈನ್‌ನಲ್ಲಿ ತರಿಸಿದ್ದರು. ಕುಂಕುಮದ ಭರಣಿಯಷ್ಟು ಪುಟ್ಟ ಪ್ಲಾಸ್ಟಿಕ್ ಡಬ್ಬಿ, ಅದರ ಬಾಯಿಗೆ ಬೆಳ್ಳಿ ಬಣ್ಣದ ಹಾಳೆ. ಅದನ್ನು ಯಂತ್ರದೊಳಗೆ ತುರುಕಿ ಗುಂಡಿ ಒತ್ತಿದರೆ ಗೊರಗೊರ ನರಳಿ, ಒಬ್ಬರಿಗೆ ಆಗುವಷ್ಟು ಕಂದು ನೀರನ್ನು ಉಗುಳುತ್ತದೆ. ಉಗುಳುತ್ತದೆ ಎಂದೇ ಹೇಳುತ್ತೇನೆ, ಬೇರೆ ಮಾತು ಅದಕ್ಕೆ ಒಪ್ಪುವುದಿಲ್ಲ.

ಅದರ ಹೆಸರು ಏಲಕ್ಕಿ ಚಹಾ. ವಾಸನೆ ಮಾತ್ರ ಮೈಗೆ ಹಚ್ಚುವ ಸಾಬೂನಿನದು. ಮೇಲೆ ನೊರೆ, ತಳದಲ್ಲಿ ಕರಗದ ಹಾಲಿನ ಪುಡಿ. ಒಂದು ಗುಟುಕು ನುಂಗಿದರೆ ನಾಲಿಗೆಗೆ ಜಿಡ್ಡು ಅಂಟಿ, ಮಧ್ಯಾಹ್ನದ ರೊಟ್ಟಿಯ ರುಚಿಯೂ ಕೆಡುತ್ತಿತ್ತು. ಕುಡಿದ ಮೇಲಿನ ಗಲೀಜು ಇನ್ನೊಂದು. ಬಳಸಿದ ಡಬ್ಬಿ ಬೆಚ್ಚಗೆ, ಒದ್ದೆಯಾಗಿ ಬೆರಳಿಗೆ ತಾಗುತ್ತದೆ, ತೂತಿನಿಂದ ತೊಟ್ಟಿಕ್ಕುತ್ತದೆ. ಸಂಜೆಯೊಳಗೆ ಇರುವೆ ಮುತ್ತಿ ಹುಳಿ ನಾತ ಹೊಡೆಯುತ್ತದೆ. ನಮ್ಮವರು ಎಷ್ಟು ಸ್ವಚ್ಛ, ಎಷ್ಟು ಸಲೀಸು ಎಂದು ಹೊಗಳುತ್ತಿದ್ದರು. ಎತ್ತಿ ಒಗೆಯುವವಳು ನಾನು, ಅವರಿಗೇನು ಗೊತ್ತು.

ಅಂಕಲಗಿಯಿಂದ ನನ್ನ ತವರಿನವರು ಬಂದಾಗ ಇನ್ನೂ ಪಜೀತಿಯಾಯಿತು. ನಮ್ಮಲ್ಲಿ ಎಲ್ಲರ ಕೈಗೂ ಚಹಾ ಬಾರದೆ ಯಾರೂ ತುಟಿಗೆ ಹಚ್ಚುವುದಿಲ್ಲ. ಕೊನೆಯವರದು ಬರುವಷ್ಟರಲ್ಲಿ ಮೊದಲಿನವರದು ಆರಿ ಅಂಬಲಿಯಾಗಿತ್ತು. ಅಷ್ಟಾದರೂ ನಮ್ಮವರಿಗೆ ಬುದ್ಧಿ ಬರಲಿಲ್ಲ. ಯಂತ್ರಕ್ಕೆ ಜಾಗ ಬೇಕೆಂದು ಕಪ್ಪು-ಬಶಿಗಳನ್ನೆಲ್ಲ ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದರು. ಇದಕ್ಕೆ ಉದ್ದನೆಯ ಗಾಜಿನ ಲೋಟವೇ ಆಗಬೇಕಂತೆ. ಜಗಳಾಡಿ ಸಾಕಾಗಿ ನಾನು ಸುಮ್ಮನಾದೆ.

ಹೀಗಿರುವಾಗ ಹುಕ್ಕೇರಿಯಿಂದ ನಾದಿನಿ ಫೋನು ಮಾಡಿದಳು. ಮೂಡಲಗಿಯ ಅಣ್ಣನನ್ನು ಹೇಗೋ ಒಪ್ಪಿಸಿದ್ದಾಳಂತೆ, ಬರುವ ರವಿವಾರ ನಮ್ಮ ಮನೆಗೆ ಚಹಾ ಕುಡಿಯಲು ಬರುತ್ತಾನಂತೆ. ನಾನು ಫೋನು ಹಿಡಿದುಕೊಂಡೇ ಕುಳಿತುಬಿಟ್ಟೆ.

ಅದರಲ್ಲೇನು ಎನ್ನಬಹುದು. ಆ ಅಣ್ಣ, ಅಂದರೆ ನನ್ನ ಭಾವ, ನಮ್ಮ ಮನೆಯ ಚಹಾ ಬಿಟ್ಟು ವರ್ಷಗಳಾಗಿದ್ದವು. ಗೋಕಾಕದಲ್ಲಿ ಈ ಮನೆ ಕಟ್ಟಿಸಿದಾಗ ನಮ್ಮವರು ಒಡಹುಟ್ಟಿದ ಅಣ್ಣನನ್ನು, ಮನೆಗೆ ಹೋಗಿ ಕರೆಯುವುದು ಬಿಟ್ಟು, ಗೃಹಪ್ರವೇಶಕ್ಕೆ ಫೋನಿನಲ್ಲಿ ಕರೆದಿದ್ದರು. ಅವರು ಬರಲಿಲ್ಲ. ಈ ಮನೆತನದವರು ಸಿಟ್ಟಾದರೆ ಬೈಯುವುದಿಲ್ಲ, ಚಹಾ ಬಿಡುತ್ತಾರೆ. ಸಂತೆಗೆ ಬಂದಾಗಲೆಲ್ಲ ಭಾವ ತಮ್ಮ ಗಾಣದ ಬೆಲ್ಲ ತಂದು ನನ್ನ ಕೈಗಿಡುತ್ತಿದ್ದರು, ಅದೂ ಚಪ್ಪಲಿ ಕಳಚದೆ, ಹೊಸ್ತಿಲಾಚೆ ನಿಂತು. ಒಳಗೆ ಬನ್ನಿ ಎಂದರೆ "ಚಾ ಆಗೇತವಾ" ಎಂದು ಹೊರಟುಬಿಡುವರು. ನಮ್ಮವರು ಒಳಗೆ ಪೇಪರು ಹಿಡಿದು ಬಿಗುವಾಗಿ ಕೂತಿರುತ್ತಿದ್ದರು, ಆದರೆ ಅವತ್ತು ಅವರಿಗೆ ಊಟ ಸೇರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಚಹಾ ಹಂಚಿಕೊಂಡು ಬೆಳೆದವರು. ಕಪ್ಪಿನಲ್ಲಿ ಉಳಿದದ್ದು ಅಣ್ಣನಿಗೆ, ಬಶಿಗೆ ಸುರಿದದ್ದು ತಮ್ಮನಿಗೆ.

ರವಿವಾರ ಮುಂಜಾನೆಯೇ ನಾನು ಎಮ್ಮೆ ಹಾಲು ತರಿಸಿ, ಪಾತೇಲಿ ತಿಕ್ಕಿ ಇಟ್ಟಿದ್ದೆ. ನಮ್ಮವರು ಕೇಳಲಿಲ್ಲ. ಅಣ್ಣ ಇಷ್ಟು ದಿನದ ಮೇಲೆ ಬರುತ್ತಿದ್ದಾನೆ, ಮನೆಯಲ್ಲಿದ್ದುದರಲ್ಲಿ ಭಾರಿಯದನ್ನೇ ಕೊಡಬೇಕು ಎಂದು ಹಟ ಹಿಡಿದರು. ಪ್ರೀತಿಯೇ, ಅಲ್ಲವೆನ್ನುವುದಿಲ್ಲ. ಬುದ್ಧಿಗೇಡಿ ಪ್ರೀತಿ.

ಭಾವ ಬಂದು, ಚಪ್ಪಲಿ ಕಳಚದೆ ವರಾಂಡದ ಕುರ್ಚಿಯ ತುದಿಗೆ ಕುಳಿತರು. ಮೊದಲ ಲೋಟ ಅವರ ಕೈಗೆ ಬಂತು. ಕುಡಿಯದೆ ತಮ್ಮನದು ಬರಲೆಂದು ಕಾದರು. ಆ ದರಿದ್ರ ಯಂತ್ರ ಒಂದು ಲೋಟ ಉಗುಳಿ, ಕೆಂಪು ದೀಪ ಮಿಣುಕಿಸುತ್ತ ನಿಂತುಬಿಟ್ಟಿತು. ನಮ್ಮವರು ನೀರು ಸುರಿದರು, ತಟ್ಟಿದರು, ಬಡಿದರು. ಇತ್ತ ಲೋಟದಲ್ಲಿ ನೊರೆ ಕುಸಿದು ಬೂದು ಬಣ್ಣದ ಪೊರೆ ಕಟ್ಟಿತು. ಭಾವ ಲೋಟದ ಅಡಿ ನೋಡಿದರು, ಟೀಪಾಯಿ ನೋಡಿದರು. ಅವರು ಹುಡುಕುತ್ತಿರುವುದು ಬಶಿಯನ್ನು ಎಂದು ಆಗ ನನಗೆ ಹೊಳೆಯಿತು. ಇನ್ನೇನು ಎದ್ದು ಹೋಗುತ್ತಾರೆ, ಮತ್ತೆಂದೂ ಬರುವುದಿಲ್ಲ ಎಂದುಕೊಂಡೆ.

ನಮ್ಮವರು ಬರಿಗೈಯಲ್ಲಿ ಹೊರಗೆ ಬಂದು, ಯಂತ್ರ ಕೈಕೊಟ್ಟಿತು ಎಂದರು. ದನಿ ಸಣ್ಣಗಾಗಿತ್ತು. ಭಾವ ಪೊರೆಯನ್ನು ಬೆರಳಿನಿಂದ ಸರಿಸಿ ಒಂದು ಗುಟುಕು ಕುಡಿದರು. ಮುಖ ಕಿವುಚಿತು. ಉಗುಳಲೂ ಆಗದೆ, ನುಂಗಲೂ ಆಗದೆ, ಕಡೆಗೆ ಕಣ್ಣು ಮುಚ್ಚಿ ಹೇಗೋ ಇಳಿಸಿದರು. ಲೋಟವನ್ನು ತಮ್ಮನ ಕೈಗಿಟ್ಟು, ನೀನೂ ಕುಡಿ ಎಂದರು. ಅದನ್ನು ದಿನಬೆಳಗಾದರೆ ಹಾಡಿ ಹೊಗಳುತ್ತಿದ್ದ ಮನುಷ್ಯ ಒಂದು ಗುಟುಕಿಗೇ ಥೂ ಎಂದು ಹೂವಿನ ಕುಂಡಕ್ಕೆ ಉಗುಳಿದರು.

"ನಾ ಇಷ್ಟ ವರ್ಷ ಬಿಟ್ಟಿದ್ದು ಇದಽ ಚಾ ಏನಪಾ?" ಎಂದರು ಭಾವ.

ನಮ್ಮವರು ಲೋಟ ಹಿಡಿದು ತಲೆ ತಗ್ಗಿಸಿ ನಿಂತಿದ್ದರು. "ನಾನಽ ಕರ್ಯಾಕ ಬರಬೇಕಿತ್ತು, ಅಣ್ಣಾ."

ಭಾವ ಬಗ್ಗಿ ಚಪ್ಪಲಿ ಕಳಚಿದರು. ಹೊಸ್ತಿಲು ದಾಟಿ ನೆಟ್ಟಗೆ ಬಂದು, ಅಡುಗೆಮನೆಯ ಬಾಗಿಲಲ್ಲಿ ನೆಲದ ಮೇಲೆಯೇ ಕುಳಿತರು.

"ಒಲಿ ಹಚ್ಚವಾ. ಒಂದಽ ಕಪ್ ಮಾಡು, ಸಾಕು."

ನಾನು ಪಾತೇಲಿ ಇಟ್ಟೆ. ಹಿಂದೆ ಸ್ಟೂಲು ಎಳೆಯುವ ಸದ್ದಾಯಿತು. ನಮ್ಮವರು ಅಟ್ಟಕ್ಕೆ ಕೈಹಾಕಿ, ಪೇಪರು ಹರಿಯುತ್ತ ಬಶಿ ಹುಡುಕುತ್ತಿದ್ದರು.