ಅವ್ವ ಊರಿಗೆಲ್ಲ ಹೇಳಿದ್ದು

ಅವ್ವ ತೀರಿಹೋಗಿ ಹನ್ನೊಂದನೇ ದಿನಕ್ಕೆ ಶಿವಗಣಾರಾಧನೆ ಇಟ್ಟುಕೊಂಡಿದ್ದೆವು. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ತಮ್ಮನ ಮನೆ ಮುಂದೆ ಶಾಮಿಯಾನ. ತೊಂಬತ್ತು ದಾಟಿದ ಮುದುಕಿ, ಎಷ್ಟು ಜನ ಬಂದಾರು ಅಂತ ಗೋಧಿ ಹುಗ್ಗಿಯನ್ನು ಹಿಡಿತದಲ್ಲೇ ಮಾಡಿಸಿದ್ದೆವು. ಹರಿಹರದ ಕಡೆಯ ಹಳ್ಳಿಗಳಿಂದ ಹೆಂಗಸರು ಟೆಂಪೋ ಮಾಡಿಕೊಂಡು ಬಂದು ಇಳಿದೇ ಇಳಿದರು. ಅಡುಗೆಯವರು ಎರಡನೇ ಸಲ ಒಲೆ ಹಚ್ಚಬೇಕಾಯಿತು.

ನಮ್ಮವ್ವ ಮಾಡಿದ ಸೇವೆ ಒಂದೇ. ನಾವು ಹರಿಹರದಲ್ಲಿದ್ದಾಗ ಬೆಳಗ್ಗೆ ರೊಟ್ಟಿ ಬಡಿದಿಟ್ಟು ಸುತ್ತಿನ ಹಳ್ಳಿಗಳಿಗೆ ಹೋಗುತ್ತಿದ್ದಳು. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಿ ಅಂತ ಒಂದೊಂದು ಮನೆಯ ಕಟ್ಟೆಯ ಮೇಲೂ ಕೂರುವಳು. ಆಯಿತು ಅನ್ನುವ ತನಕ ಏಳುತ್ತಿರಲಿಲ್ಲ. ಸಂಬಳವಿಲ್ಲ, ಯಾರೂ ಕರೆದೂ ಇರಲಿಲ್ಲ. ಸಂಜೆ ಬಂದವಳು ನಾಲ್ಕೂ ಮಕ್ಕಳಿಗೆ ತಾನೇ ಬಡಿಸುವಳು. ನಮಗೆ ಜ್ವರ ಬಂದರೆ ತೊಡೆಯಿಂದ ಇಳಿಸುತ್ತಿರಲಿಲ್ಲ. ಒಳ್ಳೆಯ ತಾಯಿ, ಇಲ್ಲ ಅನ್ನುವುದಿಲ್ಲ.

ಆದರೆ ಅವಳು ಹಳ್ಳಿಗೆ ಹೋದಾಗ ಚಿಕ್ಕವರನ್ನು ನೋಡಿಕೊಂಡವಳು ನಾನು. ಹಿರಿಯವಳು ಅಂತ ಎರಡನೇ ಕ್ಲಾಸಿಗೇ ಶಾಲೆ ಬಿಡಿಸಿದಳು. ತಮ್ಮಂದಿರ ಕುಂಡಿ ತೊಳೆಯುತ್ತಾ ಕಲಿತ ನಾಲ್ಕಕ್ಷರವೂ ಹೋಯಿತು. ಈಗ ಬರೆಯುತ್ತಿರುವ ಅಕ್ಷರ ನನ್ನ ಮೊಮ್ಮಗಳು ಕಲಿಸಿದ್ದು.

ಒಂದೇ ಒಂದು ಸಲ ಅವ್ವನನ್ನು ಕೇಳಿದ್ದೆ. ಯಾವುದೋ ಆಫೀಸಿನಲ್ಲಿ ಹೆಬ್ಬೆಟ್ಟು ಒತ್ತಿ ಬಂದ ದಿನ ಅದು. "ಊರ ಹುಡುಗೇರ್ನೆಲ್ಲ ಶಾಲಿಗೆ ಹಾಕ್ದಿ, ನನ್ನ ಯಾಕ ಬಿಡಿಸ್ದಿ?" ಅಂದೆ. ಅವಳು ನನ್ನ ಬೆರಳಿನ ಮಸಿ ನೋಡಿದಳು. "ಹೊತ್ತಾತು, ಉಣ್ಣು" ಅಂದಳು. ಅಲ್ಲಿಗೆ ಮುಗಿಯಿತು. ತಾನು ಮಾಡಿದ್ದು ತಪ್ಪು ಅಂತ ಅವಳಿಗೆ ಅನ್ನಿಸಿಯೇ ಇಲ್ಲ ಅಂದುಕೊಂಡು ಇಷ್ಟು ವರ್ಷ ಬದುಕಿದೆ.

ಅವತ್ತು ಊಟಕ್ಕೆ ಮುಂಚೆ, ಮಾತಾಡುವವರು ಮಾತಾಡಲಿ ಅಂತ ತಮ್ಮ ಮೈಕು ಇಡಿಸಿದ್ದ. ಕೊಕ್ಕನೂರಿನ ಒಬ್ಬ ರಿಟೈರಾದ ಟೀಚರಮ್ಮ ಎದ್ದಳು.

"ನನ್ನ ಶಾಲಿಗೆ ಕಳ್ಸಾಕೆ ನಮ್ಮಪ್ಪ ಜಪ್ಪಯ್ಯ ಅಂದ್ರೂ ಒಪ್ಪಿರ್ಲಿಲ್ಲ. ಅಮ್ಮಾರು ನಮ್ಮ ಕಟ್ಟಿ ಮ್ಯಾಲೆ ಕುಂತು ಹೇಳಿದ್ರು: 'ನನ್ನ ಹಿರೇ ಮಗಳ್ನ ನಾನೇ ಶಾಲಿ ಬಿಡಿಸ್ದೆ, ನನ್ನ ಅನುಕೂಲಕ್ಕೆ. ಈಗ ಅವ್ಳು ಜ್ವರದ ಕೂಸು ಎತ್ಕೊಂಡು ಹರಿಹರದ ಬಸ್ಸು ಅಂತ ಚನ್ನಗಿರಿ ಬಸ್ಸು ಹತ್ಯಾಳೆ. ಬೋರ್ಡು ಓದಾಕ್ ಬರಲ್ಲ, ಕೇಳಾಕ್ ನಾಚ್ಕಿ. ನಾ ಮಾಡಿದ್ದು ನೀವು ಮಾಡಬ್ಯಾಡ್ರಿ.' ಹಂಗಂದು ಸೆರಗಿನಾಗೆ ಮುಖ ಮುಚ್ಕೊಂಡು ಅತ್ರು. ಮರುದಿನಾನೇ ನಮ್ಮಪ್ಪ ನನ್ನ ಶಾಲಿಗೆ ಸೇರಿಸ್ದ."

ಆ ಬಸ್ಸಿನ ಸಂಗತಿಯನ್ನು ನಾನು ಅವ್ವನಿಗೆ ಬಿಟ್ಟು ಯಾರಿಗೂ, ಗಂಡನಿಗೂ ಹೇಳಿರಲಿಲ್ಲ. ದಾವಣಗೆರೆ ಪಕ್ಕದ ಶಾಮನೂರಿಗೆ ಸೊಸೆಯಾಗಿ ಬಂದ ಹೊಸತು; ಕೂಸಿಗೆ ಜ್ವರ ಅಂತ ಹರಿಹರಕ್ಕೆ, ಅವ್ವನ ಹತ್ತಿರ ಹೊರಟಿದ್ದೆ. ಶಾಲೆಗೆ ಸೇರಿಸುವವಳ ಮಗಳಿಗೇ ಓದಲು ಬರುವುದಿಲ್ಲ ಅಂತ ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ಯಾರ ಮುಂದೆ ಹೇಳಲಿ? ಕಂಡಕ್ಟರು ಟಿಕೀಟು ಕೇಳಿದಾಗಲೇ ಗೊತ್ತಾದದ್ದು. ನಡುದಾರಿಯಲ್ಲಿ ಇಳಿದು, ವಾಪಸು ಬಸ್ಸು ಬರುವ ತನಕ ಕೂಸನ್ನು ಸುತ್ತಿಕೊಂಡು ರಸ್ತೆ ಬದಿ ಕೂತಿದ್ದೆ. ಯಾರಿಗೂ ಹೇಳುವುದಿಲ್ಲ ಅಂತ ಅವ್ವನ ಕೈಯಲ್ಲಿ ಅವಳ ಕೊರಳಿನ ಲಿಂಗ ಹಿಡಿಸಿ ಆಣೆ ಮಾಡಿಸಿಕೊಂಡಿದ್ದೆ. ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕದವಳು ಅವಳು.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಇನ್ನೊಬ್ಬಳು ಎದ್ದಳು. "ನಮ್ಮೂರಾಗೂ ಹೇಳಿದ್ರು ಬಿಡ್ರಿ. ನಾ ಶಾಲಿಗೆ ಹೋಗಲ್ಲ ಅಂದ್ರೆ ನಮ್ಮವ್ವ, 'ಹೋಗ್ಬ್ಯಾಡ, ಚನ್ನಗಿರಿ ಬಸ್ಸು ಹತ್ತುವಂತಿ' ಅನ್ನೋಳು."

ಜನ ನಕ್ಕರು. "ನಮ್ಮನ್ಯಾಗೂ ಅದೇ ಮಾತು" ಅಂತ ಮತ್ತೆ ಯಾರೋ ಅಂದರು. ನನ್ನ ಪಕ್ಕ ಕೂತಿದ್ದ ಹೆಂಗಸು ನಕ್ಕು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. "ಆ ಮಗ್ಳು ಈಗ ಅದಾಳೋ ಇಲ್ವೋ, ಪಾಪ."

"ಅದಾಳೆ. ನಿನ್ನ ಪಕ್ಕದಾಗೇ ಕುಂತಾಳೆ" ಅಂದೆ.

ಅವಳು ಕುರ್ಚಿ ಸಮೇತ ಹಿಂದೆ ಸರಿದಳು.

ತಮ್ಮನಿಗೂ ಇದು ಗೊತ್ತಿರಲಿಲ್ಲ ಅಂತ ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ನಾನು ಎದ್ದು ಹೋಗಿ ಮೈಕಿಗೆ ಕೈ ಚಾಚಿದೆ. "ಅಕ್ಕ, ಬ್ಯಾಡ" ಅಂದ. ಕಿತ್ತುಕೊಂಡೆ.

"ಆ ಮಗಳು ನಾನೇ. ಬಸ್ಸಿಂದು ಖರೆ ಐತೆ. ನಮ್ಮವ್ವ ನನ್ನ ಮುಂದೆ ಒಂದಿನಾನೂ ಅತ್ತಿಲ್ಲ. ತಪ್ಪಾತು ಅಂತ ನಿಮಗೆಲ್ಲ ಹೇಳ್ಯಾಳೆ, ನನಗೊಬ್ಬಳಿಗೆ ಹೇಳಿಲ್ಲ. ಊಟ ಮಾಡ್ಕೊಂಡು ಹೋಗ್ರಿ."

ಯಾರೂ ಏಳಲಿಲ್ಲ. ಬಡಿಸುವವರು ಸೌಟು ಹಿಡಿದು ನಿಂತೇ ಇದ್ದರು. ಟೀಚರಮ್ಮ ನನ್ನ ಹತ್ತಿರ ಬಂದಳು. "ನೀವು ಇಲ್ಲೇ ಇದ್ದೀರಿ ಅಂತ ಗೊತ್ತಿರ್ಲಿಲ್ರಿ ಅಕ್ಕ" ಅಂದಳು.

"ಖರೇನೇ ಅತ್ಲಾ?"

"ಅತ್ರು."

"ಜನರ್ನ ಒಪ್ಸಾಕೆ ಅತ್ತಿರ್ಬೇಕು. ಅವ್ಳು ಭಾಳ ಜಾಣಿ."

"ಇಲ್ರಿ. ನಮ್ಮಪ್ಪ ಹೂಂ ಅಂದು ಒಳಗೆ ಹೋದ ಮ್ಯಾಲೂ ಅಳ್ತಿದ್ರು. ಕಟ್ಟಿ ಮ್ಯಾಲೆ ನಾನೊಬ್ಬಾಕಿ ಇದ್ದೆ. ನನ್ನ ತಲಿ ಸವರಿದ್ರು, ಮಾತಾಡ್ಲಿಲ್ಲ."

ನಂಬದೆ ಇರಲು ಏನೂ ಉಳಿಯಲಿಲ್ಲ. ತಪ್ಪು ಅಂತ ಅವ್ವನಿಗೆ ಗೊತ್ತಿತ್ತು. ಬೇರೆಯವರ ಕಟ್ಟೆಯ ಮೇಲೆ ಕೂತು ಅಳುವಷ್ಟು ಗೊತ್ತಿತ್ತು. ಇಷ್ಟು ಊರು ತಿರುಗಿದ ಹೆಂಗಸಿಗೆ ನಮ್ಮ ಅಡುಗೆಮನೆಯಲ್ಲಿ ಆ ಒಂದು ಮಾತು ಹೊರಡಲಿಲ್ಲ. ಈಗ ಬೈಯೋಣ ಅಂದರೆ ಆಳಿಲ್ಲ.