ಯಾರ ಸೊಂಟದ ಎತ್ತರ

ಬೆಳಕು ಹರಿಯುವ ಮೊದಲೇ ದೇವಿಕಾ ಅಂಗಳ ಗುಡಿಸಿ, ನೀರು ತುಂಬಿ, ಎಮ್ಮೆ ಹಿಂಡಿ, ರೊಟ್ಟಿ ಬಡಿದು, ಕೋಳಿಗೆ ಮಸಾಲೆ ಸವರಿಟ್ಟಿದ್ದಳು. ಭಾನುವಾರ ಹಿತ್ತಲಿನ ಬಾರ್ಬೆಕ್ಯೂ ಒಲೆಯ ಮುಂದೆ ಇಕ್ಕಳ ಹಿಡಿದು ನಿಲ್ಲುವವನು ಮಾತ್ರ ಗಂಡ ಮೈಲಾರಿ. ಅಡುಗೆಯೆಲ್ಲ ಅವನದೇ ಎಂದು ಯಾವಗಲ್ ಊರಿನ ಓಣಿಯೇ ಹೊಗಳುತ್ತಿತ್ತು.

“ಉಪ್ಪ ತಾ. ತಾಟ ಹಿಡಿ. ಲಿಂಬಿಹಣ್ಣ ಎಲ್ಲೈತಿ?”

“ಒಲಿ ಬಾಜೂಕ ಒಂದ ಟೇಬಲ್ ಮಾಡಸೂಣ್ರಿ,” ಎಂದಳು ಎರಡೂ ಕೈಯಲ್ಲಿ ತಾಟು ಹಿಡಿದು ನಿಂತಿದ್ದ ದೇವಿಕಾ.

“ಟೇಬಲ್ ಯಾಕ? ನೀ ಅದೀಯಲ್ಲ.”

ಸಿಟ್ಟು ಬರುವ ಮೊದಲೇ ಅವಳಿಗೆ ನಗು ಬಂದುಬಿಟ್ಟಿತು. ತಾಟುಗಳೂ ಗಲಗಲ ಎಂದವು. “ಹಂಗಾರ ಈ ಟೇಬಲ್ ಈಗ ಬಡಿಗ್ಯಾರ ಮನಿಗೆ ಹೊಂಟೈತಿ, ಹಿಡೀರಿ,” ಎಂದು ತಾಟುಗಳನ್ನು ಅವನ ಕೈಗೇ ಕೊಟ್ಟು, ದಾರಿಯುದ್ದಕ್ಕೂ ಸೆರಗಿನಲ್ಲಿ ನಗು ಮುಚ್ಚಿಕೊಂಡು ನಡೆದಳು.

ಬಡಿಗೇರ ಗೋಣೆಪ್ಪ ಟೇಪು ತಂದ. “ಟೇಬಲ್ ಮುಂದ ನಿಂತ ಹೆಚ್ಚೋರು, ಒರಸೋರು ಯಾರೋ ಅವರ ಸೊಂಟದ ಮಟ ಎತ್ತರ ಇಡಬೇಕವ್ವಾ. ನಿಂದ ಅಳತಿ ಹಿಡೀಲೇನು?”

ದೇವಿಕಾ ಗಿಡ್ಡಿ, ಮೈಲಾರಿ ಉದ್ದಾನುದ್ದ. ಅವಳು ಟೇಪಿನ ತುದಿಯನ್ನು ಮೆಟ್ಟಿ ನಿಂತು, ಇನ್ನೊಂದು ತುದಿಯನ್ನು ತನ್ನ ಸೊಂಟ ದಾಟಿಸಿ, ಗಂಡನ ಸೊಂಟ ಬರುವಲ್ಲಿಗೆ ಎಳೆದು ಹಿಡಿದಳು.

“ಇಷ್ಟ ಇರಲ್ರಿ.”