ಹೊಲಿಗೆ ಮಷಿನ್ ಮೇಲೆ ಕೂತ ಚರ್ಚು

ನಾನು ಹೇಳುವುದನ್ನು ನೀವು ನಂಬುವುದಿಲ್ಲ. ನನ್ನ ಕ್ಲಾಸಿನವರೂ ನಂಬಲಿಲ್ಲ, ಅವರಿಗೆ ನಾನು ಪರಿಚಯ. ಆದರೂ ಹೇಳಿಬಿಡುತ್ತೇನೆ. ಹಲಸೂರಿನ ಎರಡನೇ ಮಹಡಿಯಲ್ಲಿರುವ ನಮ್ಮ ಮನೆಯ ಹಾಲ್‌ನಲ್ಲಿ, ಒಬ್ಬರು ಫ್ರಿಜ್ ತೆರೆಯಬೇಕಾದರೆ ಇನ್ನೊಬ್ಬರು ಎದ್ದು ದಾರಿ ಬಿಡಬೇಕಾದ ಆ ಹಾಲ್‌ನಲ್ಲಿ, ಕಳೆದ ಅಕ್ಟೋಬರಿನ ಒಂದು ಸಂಜೆ ಇಡೀ ಒಂದು ಚರ್ಚು ಹಿಡಿಸಿತು. ಗೋಪುರ ಒಂದು ಮಾತ್ರ ಒಳಗೆ ಬರಲಿಲ್ಲ.

ಹಾಲ್‌ನ ಅರ್ಧ ಭಾಗ ಅಪ್ಪನ ಹೊಲಿಗೆ ಮಷಿನ್‌ಗೆ ಸೇರಿದ್ದು; ಉಳಿದರ್ಧದಲ್ಲಿ ನಾನು, ಅಮ್ಮ, ಟಿವಿ ಮತ್ತು ದೇವರು ಹೊಂದಿಕೊಂಡು ಬದುಕುತ್ತೇವೆ. ಅಪ್ಪ ಕಮರ್ಷಿಯಲ್ ಸ್ಟ್ರೀಟಿನ ಒಂದು ಅಂಗಡಿಗೆ ಬ್ಲೌಸು, ಲೆಹಂಗಾ ಹೊಲಿಯುತ್ತಾರೆ, ಮಿಕ್ಕ ಕೆಲಸವನ್ನು ಮನೆಗೆ ತರುತ್ತಾರೆ. ಮಷಿನ್ ಮೇಲೆ ಸದಾ ಒಂದು ಹೊದಿಕೆ, ಮಿಕ್ಕ ಚೂರುಗಳನ್ನು ಸೇರಿಸಿ ಅಪ್ಪನೇ ಹೊಲಿದದ್ದು: ಯಾರದೋ ಮದುವೆಯ ಜರಿ, ಯಾರದೋ ಯೂನಿಫಾರ್ಮಿನ ಖಾಕಿ, ಯಾವುದೋ ಬುರ್ಖಾದ ಕಪ್ಪಂಚು, ಜೊತೆಗೆ ಇನ್ನೂ ಯಾರೂ ಹೆಸರಿಡಲು ಧೈರ್ಯ ಮಾಡದ ಕೆಲವು ಬಣ್ಣಗಳು. ಶಿವಾಜಿನಗರದ ಒಂದು ಶನಿವಾರ ಸಂಜೆಯನ್ನೇ ಕತ್ತರಿಸಿ ಜೋಡಿಸಿದ ಹಾಗಿದೆ ಅದು.

ಅಕ್ಟೋಬರ್ ನಮಗೆ ಜಪಸರದ, ಅಂದರೆ ಮಣಿಸರ ಎಣಿಸುತ್ತ ಹೇಳುವ ಪ್ರಾರ್ಥನೆಯ ತಿಂಗಳು. ಮಾತೆ ಮರಿಯಮ್ಮನವರ ಒಂದು ಪುಟ್ಟ ಸ್ವರೂಪ, ಅಂದರೆ ಪ್ರತಿಮೆ, ದಿನಕ್ಕೊಂದು ಮನೆಗೆ ಬರುತ್ತದೆ. ಸಂಜೆ ಅಕ್ಕಪಕ್ಕದವರು ಅಲ್ಲಿ ಸೇರಿ ಜಪಸರ ಹೇಳಿ, ಕಡಲೆ ಉಸಲಿ ತಿಂದು, ಮರುದಿನ ತಾಯಿಯನ್ನು ಮುಂದಿನ ಮನೆಗೆ ಕರೆದೊಯ್ಯುತ್ತಾರೆ. ಎಲ್ಲರ ಮನೆಗೂ, ನಮ್ಮದೊಂದನ್ನು ಬಿಟ್ಟು. ಕೆಳಗಿನ ಮನೆಯಿಂದ ಹೊರಟ ತಾಯಿ ನಮ್ಮ ಮೆಟ್ಟಿಲ ಬುಡದವರೆಗೆ ಬಂದು, ನಮ್ಮ ಏರಿಯಾದ ಹೆಸರು ಕೇಳಿದ ಆಟೋದ ಹಾಗೆ, ಪಕ್ಕದ ಬೀದಿಗೆ ತಿರುಗಿಬಿಡುತ್ತಿದ್ದರು. ತಪ್ಪು ತಾಯಿಯದಲ್ಲ. ಎಣ್ಣೆ ವಾಸನೆ, ದಾರದ ಉಂಡೆ, ಕಾಲಿಟ್ಟಲ್ಲೆಲ್ಲ ಗುಂಡುಸೂಜಿ, ಇದರ ಮಧ್ಯೆ ಆಯಮ್ಮನನ್ನು ಎಲ್ಲಿ ಕೂರಿಸುವುದು ಎಂದು ಅಪ್ಪ ಪ್ರತಿ ವರ್ಷ ಕೈಮುಗಿದು ತಪ್ಪಿಸಿಕೊಳ್ಳುತ್ತಿದ್ದರು. ನಮ್ಮ ಬೀದಿಯ ಪ್ರಾರ್ಥನೆ ನಡೆಸುವ ರೀಟಾ ಆಂಟಿ ಅದನ್ನು ಸ್ವಲ್ಪ ಜಾಸ್ತಿಯೇ ಪ್ರೀತಿಯಿಂದ ಒಪ್ಪಿಕೊಳ್ಳುತ್ತಿದ್ದರು.

ಇಂಥ ಹೊತ್ತಿನಲ್ಲಿ ಭಾನುವಾರದ ಧರ್ಮೋಪದೇಶದ ಕ್ಲಾಸಿನಲ್ಲಿ ಕ್ರೈಸ್ತ ಸಭೆ ಹುಟ್ಟಿ ಬೆಳೆದ ಪಾಠ ಬಂತು, ಮತ್ತು ನನ್ನ ತಲೆ ಕೆಟ್ಟಿತು. ನಿಮಗೆ ಗೊತ್ತೇ, ಮೊದಮೊದಲ ಕ್ರೈಸ್ತರಿಗೆ ಚರ್ಚು ಎಂಬ ಕಟ್ಟಡವೇ ಇರಲಿಲ್ಲ. ಗಂಟೆಯಿಲ್ಲ, ಗೋಪುರವಿಲ್ಲ, ಬಣ್ಣದ ಗಾಜಿಲ್ಲ. ಅವರು ಸೇರುತ್ತಿದ್ದದ್ದು ಯಾರದೋ ಮನೆಯ ಊಟದ ಕೋಣೆಯಲ್ಲಿ, ಮೇಲ್ಮಹಡಿಯಲ್ಲಿ, ಅಂಗಡಿಯ ಹಿಂದೆ. ರೊಟ್ಟಿ ಮುರಿದು ಹಂಚಿಕೊಂಡರೆ ಅದೇ ಪೂಜೆ. ಸಂತ ಪೌಲ ಹೊಟ್ಟೆಪಾಡಿಗೆ ಡೇರೆ ಹೊಲಿಯುತ್ತಿದ್ದ. ಕೊರಿಂಥದಲ್ಲಿ ಅವನಿಗೆ ಜಾಗ ಕೊಟ್ಟವರೂ ಡೇರೆ ಹೊಲಿಯುವ ಗಂಡಹೆಂಡತಿಯೇ. ಅಂದರೆ ನಮ್ಮ ಮತಕ್ಕೆ ಮೊದಲ ನೆರಳು ಕೊಟ್ಟವರಲ್ಲಿ ಟೈಲರುಗಳೂ ಇದ್ದರು. ಇದನ್ನು ಪಾಠದಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದ್ದರು. ನಾನಾಗಿದ್ದರೆ ಪೋಸ್ಟರ್ ಹೊಡೆಸುತ್ತಿದ್ದೆ.

ನಿಮ್ಮದು ನಮ್ಮನ್ನು ಆಳಿದವರ ಮತವಲ್ಲವೇ ಎಂದು ಸ್ಕೂಲಿನಲ್ಲಿ ಆಗಾಗ ಯಾರಾದರೂ ಕೇಳುತ್ತಾರೆ. ಅಲ್ಲ ಸ್ವಾಮಿ, ಆಳುವವರು ಶಿಲುಬೆಗೆ ಹೊಡೆದವನ ಮತ. ರೋಮಿನ ದೊರೆಗಳು ರಸ್ತೆ ಹಾಕಿಸಿದ್ದು ಸೈನ್ಯ ನಡೆಯಲೆಂದು. ಅದೇ ರಸ್ತೆಯ ಅಂಚಿನಲ್ಲಿ ಚಪ್ಪಲಿ ಸವೆಸುತ್ತ ಗುಲಾಮರು, ವ್ಯಾಪಾರಿಗಳು, ವಿಧವೆಯರು ಊರಿಂದೂರಿಗೆ ಸುದ್ದಿ ದಾಟಿಸಿದರು. ನಮ್ಮ ದಂಡಿನ, ಅಂದರೆ ಕಂಟೋನ್ಮೆಂಟಿನ, ಅಗಲ ರಸ್ತೆಗಳೂ ಬಿಳಿ ದೊರೆಗಳ ಕವಾಯತಿಗೆ ಹಾಕಿದವೇ. ಕವಾಯತು ಮುಗಿದು ದೊರೆಗಳು ಹಡಗು ಹತ್ತಿದರು. ಅವರ ಕೋಟು ಹೊಲಿದ ನನ್ನ ಮುತ್ತಜ್ಜ ಇಲ್ಲೇ ಉಳಿದು, ತನ್ನ ಜಪಸರವನ್ನು ತನ್ನ ಭಾಷೆಯಲ್ಲೇ ಹೇಳಿಕೊಂಡ. ಇಷ್ಟು ದೊಡ್ಡ ಚರಿತ್ರೆ ಬೆನ್ನಿಗಿರುವಾಗ, ಗುಂಡುಸೂಜಿಗೆ ಹೆದರಿ ಮರಿಯಮ್ಮನನ್ನು ಬೀದಿಯಲ್ಲೇ ತಿರುಗಿಸಿ ಕಳಿಸುವುದೇ? ತನ್ನ ಮಗನನ್ನು ಕೊಟ್ಟಿಗೆಯಲ್ಲಿ ಹೆತ್ತವಳು ನಮ್ಮ ಹಾಲ್ ನೋಡಿ ಮೂಗು ಮುರಿಯುತ್ತಾಳೆಯೇ?

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಎಲ್ಲರೆದುರು ಘೋಷಿಸಿಬಿಟ್ಟೆ, ಗುರುವಾರದ ಜಪಸರ ನಮ್ಮ ಮನೆಯಲ್ಲಿ ಎಂದು.

"ನಿಮ್ಮನೇಲಿ ಜಾಗ ಎಲ್ಲಿದೆ ಕಣಮ್ಮಾ?" ಅಂದರು ರೀಟಾ ಆಂಟಿ. "ಪಾಪ, ಅಪ್ಪಂಗೆ ಯಾಕೆ ಸುಮ್ನೆ ತೊಂದ್ರೆ."

"ಮೊದಲ್ನೇ ಚರ್ಚು ನಮ್ಮ ಹಾಲ್‌ಗಿಂತ ದೊಡ್ಡದೇನಿರ್ಲಿಲ್ಲ ಆಂಟಿ. ನೀವು ಬನ್ನಿ ಸಾಕು, ಜಾಗ ಅದಾಗೇ ಆಗುತ್ತೆ."

ಅಪ್ಪ ಆಗಲೇ ಅಂಗಡಿಗೆ ಹೊರಟುಹೋಗಿದ್ದರು, ಅವರಿಗೆ ಹೇಳಲಿಲ್ಲ. ಅಮ್ಮನಿಗೆ ಹೇಳಿದೆ. ಅಮ್ಮ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಬುಧವಾರ ರಾತ್ರಿ ಕಡಲೆ ನೆನೆಹಾಕಿದರು. ನಮ್ಮ ಮನೆಯಲ್ಲಿ ಮಸೂದೆ ಪಾಸಾಗುವುದೇ ಹಾಗೆ.

ಗುರುವಾರ ಅಪ್ಪ ಅಂಗಡಿಗೆ ಹೋದ ಮೇಲೆ ಮಷಿನ್ನನ್ನು ಗೋಡೆಗೆ ಒತ್ತರಿಸಿ ಪೀಠ ಮಾಡಿದೆ. ಆ ಚೂರುಬಟ್ಟೆಯ ಹೊದಿಕೆಯನ್ನು ಮಾತ್ರ ಮಡಚಿ ಮಂಚದಡಿ ತಳ್ಳಿದೆ. ಕೊರಿಂಥದ ಮಾತು ಬೇರೆ, ರೀಟಾ ಆಂಟಿಯ ಕಣ್ಣು ಬೇರೆ. ಅಪ್ಪ ಮನೆಗೆ ತಂದಿಟ್ಟಿದ್ದ ಕೆಲಸದ ಚೀಲದಲ್ಲಿ ಗಿಳಿಹಸಿರು ರೇಷ್ಮೆಯಿತ್ತು, ಯಾರೋ ಮದುಮಗಳ ಲೆಹಂಗಾದ್ದು, ಇನ್ನೂ ಕತ್ತರಿ ಕಾಣದ್ದು. ಮರಿಯಮ್ಮನಿಗೆ ಒಂದು ಗಂಟೆಯ ಮಟ್ಟಿಗೆ ಸಾಲ ಕೊಟ್ಟರೆ ಯಾವ ಮದುಮಗಳು ಬೇಡ ಅನ್ನುತ್ತಾಳೆ? ಹಾಸಿದೆ. ಮೇಲೆ ತಾಯಿ, ಅಕ್ಕಪಕ್ಕ ಎರಡು ಮೇಣದ ಬತ್ತಿ.

ಜನ ಬಂದರು ನೋಡಿ! ಬಾಗಿಲಲ್ಲಿ ಚಪ್ಪಲಿಗಳು ಬೆಟ್ಟವಾಗಿ, ಬೆಟ್ಟ ಕುಸಿದು ಕೆಳಗಿನ ಮಹಡಿಗೆ ಹರಿಯಿತು. ಒಬ್ಬರು ಉಸಿರು ಒಳಗೆಳೆದುಕೊಂಡರೆ ಪಕ್ಕದವರು ಬಿಡಬೇಕು, ಅಂಥ ಹೊಂದಾಣಿಕೆ. ಫ್ರಿಜ್ಜಿಗೆ ಒರಗಿದ್ದ ಪಕ್ಕದ ಬೀದಿಯ ತಾತನೊಬ್ಬನಿಗೆ ಇದು ಎಸಿ ಹಾಲ್ ಎಂದೇ ಅನಿಸಿತಂತೆ. ಕಿಟಕಿ ಕಟ್ಟೆಯೇರಿದ ಒಬ್ಬನನ್ನು ಕೆಳಗಿಳಿಸಿ, ಪೌಲನ ಪ್ರಸಂಗ ಕೇಳುತ್ತ ಕಿಟಕಿಯಲ್ಲೇ ತೂಕಡಿಸಿ ಮೂರನೇ ಅಂತಸ್ತಿನಿಂದ ಬಿದ್ದ ಯುವಕನ ಕಥೆ ಹೇಳಿದೆ. ಎಲ್ಲರೂ ನಕ್ಕರು. ನಕ್ಕರೆ ನನ್ನನ್ನು ನಿಲ್ಲಿಸುವವರು ಯಾರು? ಜಪಸರ ಶುರುವಾಗುವ ಮೊದಲೇ ಡೇರೆ ಹೊಲಿಯುವವರನ್ನು ಕಥೆಯೊಳಗೆ ಕರೆತಂದೆ, ಅವರ ಅಂಗಡಿಗೆ ನಮ್ಮ ಮಷಿನ್ನೇ ಇಟ್ಟೆ, ಪೌಲನ ಕೈಗೆ ಟೇಪು ಕೊಟ್ಟೆ, ಅವರು ತಮ್ಮ ಕಸುಬಿಗೆ ಒಂದಿಷ್ಟೂ ನಾಚದೆ ಲೋಕವನ್ನೇ ಒಳಗೆ ಕರೆದರು ಎಂದು ಕೈಯೆತ್ತಿ ಸಾರಿದೆ.

"ಅವ್ರೂ ಗಿರಾಕಿ ಬಟ್ಟೆನೇ ಹಾಸಿದ್ರೇನಮ್ಮಾ?"

ಬಾಗಿಲಲ್ಲಿ ಅಪ್ಪ. ಕತ್ತಿನಲ್ಲಿ ಟೇಪು, ಬಿಡಲು ಜಾಗ ಸಿಗದೆ ಕೈಯಲ್ಲೇ ಚಪ್ಪಲಿ.

ಹಾಲ್‌ನ ಉಸಿರೆಲ್ಲ ಒಟ್ಟಿಗೇ ನಿಂತಿತು. ಒಂದು ಬತ್ತಿ ಹಸಿರು ರೇಷ್ಮೆಯ ಕಡೆಗೆ ವಾಲಿ, ಮೇಣದ ಹನಿಯೊಂದು ಬೀಳಲೋ ಬೇಡವೋ ಎಂದು ಯೋಚಿಸುತ್ತಿತ್ತು. ಅಪ್ಪ ಕಾಲುಗಳ ನಡುವೆ ಕಾಲಿಟ್ಟು ಬಂದು ಬತ್ತಿ ಆರಿಸಿದರು, ಸ್ವರೂಪವನ್ನೆತ್ತಿ ರೀಟಾ ಆಂಟಿಯ ಕೈಗಿಟ್ಟರು, ರೇಷ್ಮೆಯನ್ನು ಮಡಚಿದರು. ಪೀಠ ಹೋಯಿತು, ಮಷಿನ್ ಉಳಿಯಿತು. ಎಲ್ಲ ಮುಗಿಯಿತು ಅಂದುಕೊಂಡೆ. ಮುಂದಿನ ಸಾಲಿನವರು ಏಳಲು ಮಂಡಿ ಹಿಡಿದುಕೊಂಡಿದ್ದರು.

"ಹೊದಿಕೆ ಎಲ್ಲಿ?"

ಮಂಚದಡಿಯಿಂದ ಎಳೆದು ಕೊಟ್ಟೆ. ಅಪ್ಪ ಅದನ್ನು ಒದರಲಿಲ್ಲ, ಮರೆಮಾಚಲಿಲ್ಲ. ಹರಡಿ, ಎರಡೂ ಅಂಗೈಯಿಂದ ಸುಕ್ಕು ತೆಗೆದು, ಖಾಕಿ, ಜರಿ, ಕಪ್ಪಂಚುಗಳ ನಟ್ಟನಡುವೆ ತಾಯಿಯನ್ನು ತಾವೇ ಕೂರಿಸಿ ಬತ್ತಿ ಮತ್ತೆ ಹಚ್ಚಿದರು. ರೀಟಾ ಆಂಟಿ ಏನೋ ಹೇಳಲು ಬಾಯಿ ತೆರೆದರು.

"ಜಾಗ ಸಾಲ್ದಿದ್ರೆ ಮೆಟ್ಲ ಮೇಲೂ ಕೂತ್ಕೊಬೋದು. ಶುರು ಮಾಡಿ," ಅಂದರು ಅಪ್ಪ. ಇನ್ನೂ ಮೇಲಕ್ಕೇ ಎತ್ತಿಕೊಂಡಿದ್ದ ನನ್ನ ಕೈಯನ್ನು ಹಿಡಿದು ಕೆಳಗಿಳಿಸಿದರು. "ನೀನು ಸಾಕ್ಮಾಡು."